ಎಂಟನೇ ಕ್ಲಾಸಿಗೆ ಸರ್ಕಾರಿ ಹೈಸ್ಕೂಲು: ಪಾಠ, ಆಟ, ಯಕ್ಷಗಾನ ಮೂರೂ ನಡೆಯುತ್ತಾ?

ಬ್ರಹ್ಮಾವರದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳ ಶಾಲೆ ವಿಷಯ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ಮಗಳು ಈಗ ಏಳನೇ ಕ್ಲಾಸು, ಖಾಸಗಿ ಇಂಗ್ಲಿಷ್ ಮೀಡಿಯಂ. ಶಾಲೆಯ ಹೆಸರು ಬೇಡ. ಟೀಚರುಗಳು ಒಳ್ಳೆಯವರೇ. ಆದರೆ ಟೈಮ್ ಟೇಬಲ್‌ನಲ್ಲಿ ವಾರಕ್ಕೆ ಎರಡು ಆಟದ ಪೀರಿಯಡ್ ಅಂತ ಇದ್ದರೂ ದೀಪಾವಳಿ ಕಳೆದ ಮೇಲೆ ಒಂದೂ ನಡೆದಿಲ್ಲ. ಆ ಹೊತ್ತಿಗೆ ಗಣಿತ, ಇಲ್ಲದಿದ್ದರೆ ವಿಜ್ಞಾನ. ಜೂನ್‌ನಲ್ಲಿ ಬಿಳಿ ಕ್ಯಾನ್ವಾಸ್ ಶೂ ತೆಗೆದುಕೊಟ್ಟಿದ್ದೆ. ಮೊನ್ನೆ ಕಪಾಟು ಒರೆಸುವಾಗ ಕೈಗೆ ಸಿಕ್ಕಿತು. ಅಡಿಯ ಗೆರೆ ಕೂಡ ಸವೆದಿಲ್ಲ. ಹಾಕಿಸಿ ನೋಡಿದರೆ ಆಗುತ್ತಿಲ್ಲ, ಕಾಲು ಬೆಳೆದಿದೆ. ಆ ಶೂ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ.

ಡಿಸೆಂಬರ್‌ನಲ್ಲಿ ಹೈಸ್ಕೂಲು ಮಕ್ಕಳ ಯಕ್ಷಗಾನ ನೋಡಲು ಉಡುಪಿ ಕೃಷ್ಣಮಠದ ರಾಜಾಂಗಣಕ್ಕೆ ಹೋಗಿದ್ದೆವು. ಪಕ್ಕದ ಮನೆಯ ಹುಡುಗ ವೇಷ ಮಾಡಿದ್ದ. ಸರ್ಕಾರಿ ಹೈಸ್ಕೂಲು, ಒಂಬತ್ತನೇ ಕ್ಲಾಸು. ನಮ್ಮ ಮನೆಗೆ ಹಾಲು ತಂದುಕೊಡುವಾಗ ತಲೆ ಎತ್ತಿ ಮಾತಾಡುವವನಲ್ಲ. ಅವತ್ತು ಬಬ್ರುವಾಹನ ಆಗಿ ಬಂದು, ಅರ್ಜುನನ ಎದುರು ನಿಂತು ಪದ್ಯದ ಅರ್ಥ ಮಾತಿನಲ್ಲಿ ಹೇಳಿದ. ಒಂದು ಮಾತೂ ತಡವರಿಸಲಿಲ್ಲ. ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದರು. ಮಾರನೇ ದಿನ ನನ್ನ ಮಗಳು ಸ್ನಾನದ ಟವೆಲನ್ನೇ ಮುಂಡಾಸು ಮಾಡಿ ಕಟ್ಟಿಕೊಂಡು ಅಂಗಳದಲ್ಲಿ ಕುಣಿದಳು. ಸಂಜೆ ಬಂದು, "ಅಮ್ಮ, ಎಂಟನೇ ಕ್ಲಾಸಿಗೆ ನಾನು ಆ ಶಾಲೆಗೇ ಹೋಗ್ತೇನೆ" ಅಂದಳು.

ನಾನೂ ಸರ್ಕಾರಿ ಹೈಸ್ಕೂಲಿನಲ್ಲೇ ಓದಿದವಳು, ನನಗೆ ಹೆದರಿಕೆ ಇಲ್ಲ. ಯಜಮಾನರಿಗೆ ಇದೆ. ಆಟ, ಕುಣಿತ ಎಲ್ಲ ಸರಿ, ಎಸ್ಸೆಸ್ಸೆಲ್ಸಿಯಲ್ಲಿ ಏನಾಗುತ್ತೆ ಅಂತ ಕೇಳುತ್ತಾರೆ. ಅತ್ತೆಯವರು "ಫೀಸು ಕಟ್ಟಲು ನಮಗೇನು ಕಷ್ಟ ಬಂದಿದೆ?" ಅನ್ನುತ್ತಾರೆ. ಮೂರೂ ಒಟ್ಟಿಗೆ ಸಾಗಿಸಿದ ಮಕ್ಕಳು, ಟೀಚರುಗಳು ಇಲ್ಲಿದ್ದರೆ ಹೇಳಿ. ಶಾಲೆಗೆ ಹೋದರೆ ಏನು ಕೇಳಬೇಕು, ಏನು ನೋಡಬೇಕು?

ವಿಷಲ್ ಮೇಷ್ಟ್ರು

ಅಕ್ಕಾ, ನಾನು ಸರ್ಕಾರಿ ಹೈಸ್ಕೂಲಿನ ದೈಹಿಕ ಶಿಕ್ಷಕ. ಸೇವೆಗೆ ಸೇರಿ 19 ವರ್ಷ ಆಯಿತು. ನಿಮ್ಮ ಶೂ ವಿಷಯ ಓದಿ ಬೇಜಾರಾಯಿತು. ನಮ್ಮಲ್ಲಿ ಶೂ ಇಲ್ಲದ ಮಕ್ಕಳಿದ್ದಾರೆ, ಆದರೆ ಮೈದಾನಕ್ಕೆ ಇಳಿಯದ ಮಕ್ಕಳು ಕಡಿಮೆ.

ಮೊದಲು ಆಟದ ದಾರಿ ಹೇಳುತ್ತೇನೆ. 14 ವರ್ಷದೊಳಗಿನವರು, 17 ವರ್ಷದೊಳಗಿನವರು ಅಂತ ಎರಡು ವಿಭಾಗ. ವಲಯ ಮಟ್ಟದಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಆಮೇಲೆ ವಿಭಾಗಕ್ಕೆ, ರಾಜ್ಯಕ್ಕೆ. ಉಡುಪಿ ಜಿಲ್ಲೆ ಮೈಸೂರು ವಿಭಾಗಕ್ಕೆ ಸೇರುತ್ತದೆ. ರಾಜ್ಯ ತಂಡಕ್ಕೆ ಆಯ್ಕೆ ಆದರೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಸರ್ಕಾರಿ, ಅನುದಾನಿತ, ಖಾಸಗಿ ಅಂತ ಭೇದ ಇಲ್ಲ, ಎಲ್ಲರೂ ಒಂದೇ ಮೈದಾನದಲ್ಲಿ ಆಡುತ್ತಾರೆ.

ನಮ್ಮ ಶಾಲೆಯಲ್ಲಿ ಖೋಖೋ ಇದೆ. ಯಾಕೆ ಅಂದರೆ ಎರಡು ಕಂಬ, ಒಂದು ಸುಣ್ಣದ ಡಬ್ಬ ಇದ್ದರೆ ಸಾಕು. ಖರ್ಚು ಕಡಿಮೆ ಅಂತ ಶುರು ಮಾಡಿದೆ. ಈಗ ಬಿಡಲು ಮನಸ್ಸಿಲ್ಲ. ಎಂಟು ಜನ ಸಾಲಾಗಿ ಕೂರುತ್ತಾರೆ, ಒಬ್ಬರ ಮುಖ ಆಚೆ, ಇನ್ನೊಬ್ಬರ ಮುಖ ಈಚೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡುತ್ತಾಳೆ. ಓಡಿಸುವವಳು ನಡುಗೆರೆ ದಾಟುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ. ಆಚೆ ಹೋಗಬೇಕು ಅಂದರೆ ಆ ಕಡೆ ಮುಖ ಮಾಡಿ ಕೂತ ಗೆಳತಿಯ ಬೆನ್ನು ಮುಟ್ಟಿ ಖೋ ಕೊಡಬೇಕು. ತಾನು ಎಷ್ಟೇ ಜೋರಾಗಿ ಓಡಲಿ, ಸರಿಯಾದ ಹೊತ್ತಿಗೆ ಕೊಡಲು ಬಾರದವಳು ತಂಡಕ್ಕೆ ಉಪಯೋಗ ಇಲ್ಲ. ಇದನ್ನು ಮಕ್ಕಳು ಕಲಿಯಲು ಒಂದು ವರ್ಷ ಬೇಕು. ಕಲಿತ ಮೇಲೆ ತರಗತಿಯಲ್ಲಿ ಅವರ ನಡವಳಿಕೆಯೇ ಬೇರೆ. ಪಕ್ಕದವಳಿಗೆ ಲೆಕ್ಕ ಬರುತ್ತಿಲ್ಲ ಅಂತ ಮೊದಲು ಗೊತ್ತಾಗುವುದು ಅವರಿಗೇ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತಲ್ಲ, ಗೆದ್ದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯಲ್ಲಿ ಶಾಲೆಗೆ ಹೋಗುವಾಗ ಶುರು ಮಾಡಿದ ಆಟ ಅದು. ಆ ಫೋಟೋ ನಮ್ಮ ಸ್ಟಾಫ್ ರೂಮಿನ ಬಾಗಿಲಿಗೆ ಅಂಟಿಸಿದ್ದೇನೆ. ಹುಡುಗಿಯರು ಹಾಜರಿ ಪುಸ್ತಕ ತರಲು ಬಂದಾಗ ಒಂದು ಕ್ಷಣ ನಿಂತು ನೋಡಿ ಹೋಗುತ್ತಾರೆ.

ಶಾಲೆಗೆ ಹೋದಾಗ ಒಂದೇ ಒಂದು ಪ್ರಶ್ನೆ ಕೇಳಿ ಅಕ್ಕಾ: "ಹತ್ತನೇ ಕ್ಲಾಸಿನವರಿಗೆ ಆಟ ಇದೆಯಾ?" ಉತ್ತರ ಕೊಡುವಾಗ ಮುಖ ನೋಡಿ. ಎಷ್ಟೋ ಕಡೆ ಹತ್ತಕ್ಕೆ ಬಂದ ಕೂಡಲೇ ಮೈದಾನದ ಬಾಗಿಲು ಮುಚ್ಚುತ್ತಾರೆ. ಎರಡು ವರ್ಷ ಬೆಳೆಸಿದ ತಂಡ ಮೂರನೇ ವರ್ಷ ಆಡುವಂತಿಲ್ಲ. ಇದು ಸರಿಯಲ್ಲ ಅಂತ ನಾನು 19 ವರ್ಷದಿಂದ ಹೇಳುತ್ತಾ ಬಂದಿದ್ದೇನೆ.

ಇಬ್ಬರು ಮಕ್ಕಳ ಅಪ್ಪ

ಮೇಷ್ಟ್ರೇ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ನಮ್ಮ ಕಡೆಯಿಂದಲೂ ನೋಡಿ. ಎಸ್ಸೆಸ್ಸೆಲ್ಸಿಗೆ 625 ಅಂಕ. ಮೊದಲ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. ಆ ಆರುನೂರಿಪ್ಪತ್ತೈದರಲ್ಲಿ ಖೋಖೋಗೆ ಒಂದು ಅಂಕವೂ ಇಲ್ಲ, ಯಕ್ಷಗಾನಕ್ಕೂ ಇಲ್ಲ. ಪಿಯುಸಿಯಲ್ಲಿ ಸೈನ್ಸ್ ಸೀಟು ಕೇಳುವಾಗ ಯಾರೂ ಗೆಜ್ಜೆ ಕಟ್ಟಿದ್ದೀಯಾ ಅಂತ ಕೇಳುವುದಿಲ್ಲ. ನನ್ನ ದೊಡ್ಡ ಮಗ ವಾಲಿಬಾಲ್ ಅಂತ ತಿರುಗಿ ಗಣಿತದಲ್ಲಿ ಹಿಂದೆ ಬಿದ್ದ. ಎರಡನೇ ಪರೀಕ್ಷೆ ಬರೆದು ಪಾಸಾದ. ಆ ಎರಡು ತಿಂಗಳು ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ. ಅದಕ್ಕೇ ಹೇಳುತ್ತೇನೆ, ಮೊದಲು ಪಾಠ. ಹತ್ತು ಮುಗಿಯಲಿ, ಆಮೇಲೆ ಏನು ಬೇಕಾದರೂ ಮಾಡಲಿ.

ಕಲಬುರಗಿ ಗಣಿತ ಟೀಚರ್

ಅಪ್ಪಾಜಿ ಅವರೇ, ನಿಮ್ಮ ಮಾತು ನಾನು ಅಲ್ಲಗಳೆಯೋದಿಲ್ಲ. ನಾನೇ ಗಣಿತ ಹೇಳಿಕೊಡುವವಳು. ಆದರೆ "ಮೊದಲು ಪಾಠ" ಅನ್ನೋದು ಶಾಲೆಗೆ ಬಂದು ಕೂತ ಮಗುವಿಗೆ ಹೇಳೋ ಮಾತು ರೀ. ನಮ್ಮಲ್ಲಿ ಮಗು ಬರೋದೇ ಮೊದಲ ಪ್ರಶ್ನೆ.

ಲೆಕ್ಕ ನೋಡಿ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ, ಅಂದರೆ ವರ್ಷದ ಮೊದಲ ಪರೀಕ್ಷೆಯಲ್ಲಿ, ರಾಜ್ಯದ ಫಲಿತಾಂಶ ಶೇ. 66.14. ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲು. ನಮ್ಮ ಕಲಬುರಗಿ ಶೇ. 42.43, ಕೊನೆಯ ಸ್ಥಾನ. ಒಂದೇ ಪುಸ್ತಕ, ಒಂದೇ ಪ್ರಶ್ನೆಪತ್ರಿಕೆ. 2023ರಲ್ಲಿ ರಾಜ್ಯದ್ದು ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು, ಆ ವರ್ಷ 73.40ಕ್ಕೆ ಇಳಿಯಿತು. ಆ ಇಳಿಕೆಯನ್ನು ನಾನು ಅವಮಾನ ಅಂತ ತಿಳಿಯೋದಿಲ್ಲ. ನಿಜ ಏನು ಅಂತ ಈಗ ಗೊತ್ತಾಗುತ್ತಿದೆ.

ಫಲಿತಾಂಶ ಕಡಿಮೆ ಬಂತು ಅಂದ ಕೂಡಲೇ ಮಾಡೋ ಮೊದಲ ಕೆಲಸ ಏನು ಗೊತ್ತಾ? ಬೆಳಿಗ್ಗೆ ಒಂದು ವಿಶೇಷ ತರಗತಿ, ಸಂಜೆ ಇನ್ನೊಂದು. ಆಟದ ಪೀರಿಯಡ್ ಹೋಯಿತು, ಸಂಗೀತ ಹೋಯಿತು. ನಾನೂ ಹಾಗೇ ಮಾಡಿದವಳು. ಮೂರು ವರ್ಷದ ಹಿಂದೆ ಪಿ.ಟಿ. ಪೀರಿಯಡ್ ಕೇಳಿ ಪಡೆದು ಬೀಜಗಣಿತ ಹೇಳಿದೆ. ಬಿಳಿಜೋಳದ ರಾಶಿ ಸಮಯ, ಹತ್ತಿ ಬಿಡಿಸೋ ಸಮಯ ಬಂದರೆ ಹುಡುಗಿಯರು ಮೊದಲೇ ಹೊಲಕ್ಕೆ ಹೋಗುತ್ತಾರೆ. ಆ ವರ್ಷ ಕಬಡ್ಡಿ ತಂಡದ ನಾಲ್ಕು ಹುಡುಗಿಯರು ಹೋದವರು ವಾಪಸ್ ಬರಲಿಲ್ಲ. ಮನೆಗೆ ಹೋಗಿ ಕೇಳಿದೆ. ಒಬ್ಬಳು ಕೈಯಲ್ಲಿದ್ದ ಹತ್ತಿ ಕೆಳಗಿಡದೆ ಹೇಳಿದಳು, "ಆಟ ಇಲ್ಲಲ್ರೀ ಟೀಚರ್, ಬಂದು ಏನು ಮಾಡ್ಲಿ?"

ಆ ಮಾತಿನ ಮೇಲೆ ನಾನು ಆಟದ ಪೀರಿಯಡ್ ಯಾವತ್ತೂ ಕೇಳಿಲ್ಲ. ಅವಳಿಗೆ ಗಣಿತದ ಮೇಲೆ ಪ್ರೀತಿ ಇರಲಿಲ್ಲ, ಕಬಡ್ಡಿ ಮೇಲೆ ಇತ್ತು. ಕಬಡ್ಡಿಗೆ ಬಂದರೆ ಗಣಿತಕ್ಕೂ ಸಿಗುತ್ತಿದ್ದಳು. ಕಬಡ್ಡಿ ತೆಗೆದೆ, ಎರಡೂ ಹೋಯಿತು.

ಆಸ್ಟಿನ್ ಕನ್ನಡತಿ

ನಮಸ್ಕಾರ. ನಾನು ಶಿವಮೊಗ್ಗದವಳು, ಈಗ ಟೆಕ್ಸಸ್‌ನಲ್ಲಿದ್ದೇನೆ. ಮಗಳು ಇಲ್ಲಿಯ ಪಬ್ಲಿಕ್ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಪಬ್ಲಿಕ್ ಅಂದರೆ ಇಲ್ಲಿ ಸರ್ಕಾರದ ಶಾಲೆ. ನಾವಿರುವ ಬೀದಿ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೆ ಸೇರಿಸುತ್ತಾರೆ. ಫೀಸ್ ಇಲ್ಲ.

ಇಬ್ಬರು ಮಕ್ಕಳ ಅಪ್ಪ ಅವರು ಹೇಳಿದರಲ್ಲ, ಒಂದು ಅಂಕವೂ ಇಲ್ಲ ಅಂತ. ಇಲ್ಲಿ ಅದು ಬೇರೆ ಥರ ಇದೆ. ಟೆಕ್ಸಸ್‌ನಲ್ಲಿ ಹೈಸ್ಕೂಲು ಮುಗಿಸಲು ಕಡಿಮೆ ಅಂದರೆ 22 ಕ್ರೆಡಿಟ್ ಬೇಕು (ಒಂದು ವಿಷಯ ಒಂದು ವರ್ಷ ಓದಿ ಪಾಸಾದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್). ಇಂಗ್ಲಿಷ್ 4, ಗಣಿತ 3, ವಿಜ್ಞಾನ 3, ಹೀಗೆ. ಅದರಲ್ಲಿ ದೈಹಿಕ ಶಿಕ್ಷಣಕ್ಕೆ 1, ಕಲೆಗೆ 1 ಕಡ್ಡಾಯ. ಬ್ಯಾಂಡ್, ಕೋರಸ್ ಹಾಡು, ನಾಟಕ, ನೃತ್ಯ, ಚಿತ್ರ, ಯಾವುದಾದರೂ ಆಗಬಹುದು. ಗಣಿತದಲ್ಲಿ ಎಷ್ಟೇ ಬುದ್ಧಿವಂತ ಇರಲಿ, ಕಲೆಯ ಕ್ರೆಡಿಟ್ ಇಲ್ಲದೆ ಡಿಪ್ಲೊಮಾ, ಅಂದರೆ ಹೈಸ್ಕೂಲು ಮುಗಿಸಿದ ಸರ್ಟಿಫಿಕೇಟು, ಕೊಡುವುದಿಲ್ಲ. ಮಾರ್ಚಿಂಗ್ ಬ್ಯಾಂಡಿನಲ್ಲಿ ಇದ್ದರೆ ಅದನ್ನು ದೈಹಿಕ ಶಿಕ್ಷಣದ ಕ್ರೆಡಿಟ್ ಅಂತಲೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆಗಸ್ಟ್ ಬಿಸಿಲಿನಲ್ಲಿ ಕ್ಲಾರಿನೆಟ್ ಊದುತ್ತಾ ಡಾಂಬರಿನ ಮೇಲೆ ಹೆಜ್ಜೆ ಎಣಿಸುವ ಮಕ್ಕಳನ್ನು ನೋಡಿದರೆ ಅದು ನ್ಯಾಯವೇ ಅನ್ನಿಸುತ್ತದೆ.

ಇನ್ನೊಂದು ವಿಷಯ. ಇಲ್ಲಿ ಯುಐಎಲ್ ಅಂತ ಒಂದು ಸಂಸ್ಥೆ ಇದೆ, ಟೆಕ್ಸಸ್ ವಿಶ್ವವಿದ್ಯಾಲಯದ ಕೆಳಗೆ ನಡೆಯುತ್ತದೆ. ಸರ್ಕಾರಿ ಶಾಲೆಗಳ ಕ್ರೀಡಾ ಸ್ಪರ್ಧೆ ನಡೆಸುವುದು ಅದೇ, ಬ್ಯಾಂಡ್ ಸ್ಪರ್ಧೆ ಅದೇ, ಕಾಗುಣಿತ, ಬಾಯಿಲೆಕ್ಕದ ಸ್ಪರ್ಧೆಯೂ ಅದೇ. ಏಕಾಂಕ ನಾಟಕ ಸ್ಪರ್ಧೆಯೂ ಇದೆ, ನಾಟಕ 40 ನಿಮಿಷದೊಳಗೆ ಮುಗಿಯಬೇಕು. ಒಂದೇ ಮನೆಯಲ್ಲಿ ಎಲ್ಲ ಇರುವುದರಿಂದ ಆಟ ಬೇರೆ, ಪಾಠ ಬೇರೆ ಅನ್ನುವ ಜಗಳ ಕಡಿಮೆ. 

1984ರಲ್ಲಿ ಬಂದ ಕಾನೂನು ಒಂದಿದೆ. ಪಾಸಾಗದಿದ್ದರೆ ಆಟವಿಲ್ಲ ಅನ್ನುವ ನಿಯಮ. ಯಾವುದಾದರೂ ವಿಷಯದಲ್ಲಿ ನೂರಕ್ಕೆ 70ಕ್ಕಿಂತ ಕಡಿಮೆ ಬಂದರೆ ಮೂರು ವಾರ ಸ್ಪರ್ಧೆಗೆ ಇಳಿಯುವಂತಿಲ್ಲ. ಮೊದಲು ಆರು ವಾರ ಇತ್ತು, ಆಮೇಲೆ ಇಳಿಸಿದರು. ಆದರೆ ಪ್ರಾಕ್ಟೀಸಿಗೆ ಬರಬಹುದು. ಶಾಲೆ ಸಮಯದ ಹೊರಗೆ ವಾರದ ದಿನಗಳಲ್ಲಿ ಒಂದು ಚಟುವಟಿಕೆಗೆ ಎಂಟು ಗಂಟೆಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಅನ್ನುವ ಮಿತಿಯೂ ಇದೆ. ನಮ್ಮಲ್ಲೂ ಇಂಥ ಬರವಣಿಗೆಯ ನಿಯಮ ಇದ್ದರೆ ಮೇಷ್ಟ್ರು ಒಬ್ಬರೇ ಜಗಳ ಆಡಬೇಕಾಗಿಲ್ಲ ಅಲ್ವಾ?

ಇಲ್ಲಿ ಎಲ್ಲ ಚಿನ್ನ ಅಂತ ಹೇಳುತ್ತಿಲ್ಲ. ಬ್ಯಾಂಡಿಗೆ ವಾದ್ಯದ ಬಾಡಿಗೆ, ಪ್ರಯಾಣ, ಯೂನಿಫಾರಂ ಅಂತ ಖರ್ಚು ಜಾಸ್ತಿ. ಅಪ್ಪ ಅಮ್ಮಂದಿರ ಸಂಘ ಕಟ್ಟಿಕೊಂಡು ಹಣ ಎತ್ತುತ್ತೇವೆ. ಅನುಕೂಲಸ್ಥರು ಇರುವ ಬಡಾವಣೆಯ ಶಾಲೆಗೂ ಬಡವರ ಬಡಾವಣೆಯ ಶಾಲೆಗೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ವಿಷಲ್ ಮೇಷ್ಟ್ರು

ಮೇಡಂ, ಕ್ರೆಡಿಟ್ ವಿಷಯ ಓದಿ ಸಂತೋಷ ಆಯಿತು. ನಮ್ಮಲ್ಲಿ ದೈಹಿಕ ಶಿಕ್ಷಣಕ್ಕೆ, ಕಲೆಗೆ ಗ್ರೇಡ್ ಅಷ್ಟೇ ಕೊಡುವುದು, ಮೊತ್ತಕ್ಕೆ ಸೇರುವುದಿಲ್ಲ. ಆದರೆ ಪಾಸಾಗದಿದ್ದರೆ ಆಟವಿಲ್ಲ ಅನ್ನುವುದು ಮಾತ್ರ ಇಲ್ಲಿ ಬೇಡ. ಮೇಲೆ ಕಲಬುರಗಿ ಟೀಚರ್ ಬರೆದದ್ದನ್ನು ಇನ್ನೊಮ್ಮೆ ಓದಿ. ಎಂಟನೇ ಕ್ಲಾಸಿಗೆ ಬರುವಾಗ ಭಾಗಾಕಾರ ಬಾರದ ಮಕ್ಕಳಿರುತ್ತಾರೆ. ಅದು ಅವರ ತಪ್ಪಲ್ಲ. ಅವರಿಂದ ಆಟ ಕಿತ್ತುಕೊಂಡರೆ ಶಾಲೆಯಲ್ಲಿ ಅವರದು ಅಂತ ಏನೂ ಉಳಿಯುವುದಿಲ್ಲ. ವಾರಕ್ಕೆ ಇಷ್ಟೇ ಗಂಟೆ ಅನ್ನುವ ಮಿತಿ ಬೇಕಾದರೆ ಇರಲಿ. ಅದನ್ನು ನಾನೂ ಒಪ್ಪುತ್ತೇನೆ, ಕ್ರೀಡಾಕೂಟದ ಹಿಂದಿನ ವಾರ ನಾನೇ ಮೀರಿದ್ದುಂಟು.

ತಾಳ ಹಾಕುವವ

ಬ್ರಹ್ಮಾವರದ ಅಮ್ಮ, ನಿಮ್ಮ ಪ್ರಶ್ನೆಯ ಯಕ್ಷಗಾನದ ಭಾಗಕ್ಕೆ ನಾನು ಉತ್ತರ ಹೇಳಬಹುದು. ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಬಡಗು ಶೈಲಿಯ, ವೇಷಧಾರಿ ನಾನು. ಮೇಳದಲ್ಲಿ (ಯಕ್ಷಗಾನ ತಂಡದಲ್ಲಿ) ಊರೂರು ತಿರುಗಾಟ ಮಾಡಿ, ಈಗ ಕೆಲವು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ.

ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಅಂತ ಇದೆ. ಯಕ್ಷಗಾನ ಕಲಾರಂಗದವರ ಬೆನ್ನಾಸರೆ ಇದಕ್ಕಿದೆ. ಹೈಸ್ಕೂಲುಗಳಿಗೆ ಗುರುಗಳನ್ನು ಕಳಿಸಿ ಮಕ್ಕಳಿಗೆ ಹಣ ತೆಗೆದುಕೊಳ್ಳದೆ ಕಲಿಸುತ್ತಾರೆ. ವರ್ಷದ ಕೊನೆಗೆ ರಂಗಪ್ರದರ್ಶನ, ನೀವು ರಾಜಾಂಗಣದಲ್ಲಿ ನೋಡಿದ್ದು ಅದೇ. ದಕ್ಷಿಣ ಕನ್ನಡದ ಕಡೆ ಪಟ್ಲ ಫೌಂಡೇಶನ್‌ನವರೂ ಶಾಲೆಗಳಲ್ಲಿ ತೆಂಕುತಿಟ್ಟು (ತೆಂಕು ಶೈಲಿ) ಕಲಿಸುತ್ತಿದ್ದಾರೆ.

ಮಳೆಗಾಲದಲ್ಲಿ ನಮಗೆ ತಿರುಗಾಟ ಇಲ್ಲ. ಹಾಗಾಗಿ ಶಾಲೆ ಶುರುವಾದ ಸ್ವಲ್ಪ ದಿನಕ್ಕೆ ತರಗತಿ ಶುರು. ನಾನು ಮೊದಲ ಒಂದು ತಿಂಗಳು ಕುಣಿಸುವುದೇ ಇಲ್ಲ. ಬೆಂಚಿನ ಮೇಲೆ ಕೈಯಿಂದ ತಾಳ. ರೂಪಕಕ್ಕೆ ಆರು ಅಕ್ಷರ, ತ್ರಿವುಡೆಗೆ ಏಳು. ಏಳನ್ನು ಮೂರು, ಎರಡು, ಎರಡು ಅಂತ ಒಡೆದು ಎಣಿಸಲು ಹೇಳುತ್ತೇನೆ. ಹೊರಗೆ ಮಳೆ ಹೊಯ್ಯುತ್ತಿರುತ್ತದೆ, ಒಳಗೆ ಮೂವತ್ತು ಮಕ್ಕಳ ಕೈ. ಒಂದು ಕೈ ತಪ್ಪಿದರೂ ಕಿವಿಗೆ ಗೊತ್ತಾಗುತ್ತದೆ. ತಪ್ಪಿದವರನ್ನು ನಾನು ಹೆಸರು ಹಿಡಿದು ಕರೆಯುವುದಿಲ್ಲ. ಎರಡು ಸುತ್ತು ಬಿಟ್ಟರೆ ಪಕ್ಕದವರನ್ನು ಕೇಳಿ ತಾವೇ ಸೇರಿಕೊಳ್ಳುತ್ತಾರೆ.

ಆಮೇಲೆ ಹೆಜ್ಜೆ. ಆಮೇಲೆ ಮಾತು. ಈ ಮಾತಿನ ವಿಷಯ ಪಾಲಕರಿಗೆ ಗೊತ್ತಿರಬೇಕು. ನಾನು ಅರ್ಥವನ್ನು ಬರೆದು ಕೊಡುತ್ತೇನೆ, ಅದು ಮೊದಲ ವರ್ಷಕ್ಕೆ ಮಾತ್ರ. ಎರಡನೇ ವರ್ಷ ಪದ್ಯ ಕೊಟ್ಟು, "ಇದರ ಅರ್ಥ ನಿನ್ನ ಮಾತಿನಲ್ಲಿ ಹೇಳು" ಅನ್ನುತ್ತೇನೆ. ಹಳೆಯ ಪದ್ಯ ಓದಿ, ಸಂದರ್ಭ ತಿಳಿದು, ಎದುರಿನವನ ಮಾತಿಗೆ ಉತ್ತರ ಕಟ್ಟಬೇಕು. ಅದೂ ಒಂದೇ ಒಂದು ಇಂಗ್ಲಿಷ್ ಪದ ಬರದ ಹಾಗೆ. ಕನ್ನಡ ಪತ್ರಿಕೆಯಲ್ಲಿ ಪದ್ಯದ ಪ್ರಶ್ನೆ ನೋಡಿದರೆ ಈ ಮಕ್ಕಳು ಹೆದರುವುದಿಲ್ಲ. ಇಬ್ಬರು ಮಕ್ಕಳ ಅಪ್ಪ ಅವರೇ, 625ರಲ್ಲಿ ಯಕ್ಷಗಾನಕ್ಕೆ ಅಂಕ ಇಲ್ಲ ಅಂದಿರಿ. ಮೊದಲ ಭಾಷೆಯ 125ರೊಳಗೆ ಅದು ಸೇರಿಕೊಂಡಿದೆ ಅಂತ ನನ್ನ ನಂಬಿಕೆ.

ಪ್ರದರ್ಶನದ ದಿನ ಬಣ್ಣ ಹಚ್ಚುವ ಕೋಣೆಗೆ, ಅಂದರೆ ಚೌಕಿಗೆ, ಬಂದು ನೋಡಿ. ಬಣ್ಣಕ್ಕೆ ಕೂತ ಮೇಲೆ ಮಕ್ಕಳು ಮಾತು ನಿಲ್ಲಿಸುತ್ತಾರೆ. ಮುಂಡಾಸು ಬಿಗಿಯುವಾಗ ಹಣೆ ನೋಯುತ್ತದೆ, ಆದರೂ ಸಡಿಲ ಮಾಡಿ ಅಂತ ಹೇಳುವುದಿಲ್ಲ. ಹೋದ ವರ್ಷ ಎಂಟನೇ ಕ್ಲಾಸಿನ ಒಬ್ಬಳು ಗೆಜ್ಜೆ ಕಟ್ಟುವ ಮೊದಲು ಅದನ್ನು ಕಣ್ಣಿಗೊತ್ತಿಕೊಂಡಳು. ಯಾರೂ ಹೇಳಿಕೊಟ್ಟಿರಲಿಲ್ಲ, ದೊಡ್ಡವರು ಮಾಡುವುದನ್ನು ನೋಡಿದ್ದಳು. ಅಂದ ಹಾಗೆ, ನನ್ನ ತರಗತಿಯಲ್ಲಿ ಈಗ ಹುಡುಗರಿಗಿಂತ ಹುಡುಗಿಯರೇ ಜಾಸ್ತಿ. ನಿಮ್ಮ ಮಗಳು ಒಬ್ಬಳೇ ಆಗುವುದಿಲ್ಲ.

ಬೆಂಗಳೂರು ನರ್ಸ್

ನಾನು ಕುಂದಾಪುರ ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ ಓದಿದವಳು. ಥ್ರೋಬಾಲ್ ಆಡಿದ್ದೇನೆ, ಎರಡು ವರ್ಷ ವೇಷ ಮಾಡಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ. 81 ಬಂತು. ಈಗ ರಾತ್ರಿ ಪಾಳಿಯಲ್ಲಿ ಒಬ್ಬಳೇ ವಾರ್ಡ್ ನೋಡಿಕೊಳ್ಳುವಾಗ ಧೈರ್ಯ ಎಲ್ಲಿಂದ ಬಂತು ಅಂತ ಕೇಳಿದರೆ ಆ ಶಾಲೆಯ ಅಂಗಳದಿಂದ. ಸೇರಿಸಿ ಅಕ್ಕಾ.

ಒಂದು ಉಪಯೋಗದ ಮಾತು: ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ ಇರುವುದು. ಪಾಲಕರ ವರ್ಷದ ಆದಾಯ ಮೂರೂವರೆ ಲಕ್ಷದೊಳಗೆ ಇರಬೇಕು. ಆಯ್ಕೆ ಆದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ನನ್ನ ತಮ್ಮನಿಗೆ ಸಿಕ್ಕಿತ್ತು.

ಹೆಗ್ಗೋಡಿನಿಂದ ಕೊಪ್ಪಳಕ್ಕೆ

ನಾನು ನಾಟಕದ ಮೇಷ್ಟ್ರು. ಹೆಗ್ಗೋಡಿನ ನೀನಾಸಮ್ ನಾಟಕ ಶಾಲೆಯಲ್ಲಿ ಕಲಿತು, ಸರ್ಕಾರಿ ಹೈಸ್ಕೂಲಿಗೆ ನಾಟಕ ಶಿಕ್ಷಕನಾಗಿ ಬಂದೆ. ನಾಟಕಕ್ಕೆ ಅಂತಲೇ ಶಿಕ್ಷಕರು ಇರುವ ಸರ್ಕಾರಿ ಹೈಸ್ಕೂಲು ತೀರ ಕಡಿಮೆ. ಚಿತ್ರಕಲೆ, ಸಂಗೀತದ ಮೇಷ್ಟ್ರು ನಿವೃತ್ತಿ ಆದರೆ ಆ ಜಾಗ ಖಾಲಿಯೇ ಉಳಿಯುವುದನ್ನು ಕಣ್ಣಾರೆ ನೋಡಿದ್ದೇನೆ. ಕರಾವಳಿಯವರಿಗೆ ಯಕ್ಷಗಾನದ ಆಸರೆ ಇದೆ, ಊರವರು, ಟ್ರಸ್ಟಿನವರು ಇದ್ದಾರೆ. ನಮ್ಮ ಕಡೆ ಬಯಲಾಟ ಇತ್ತು, ಕಲಿಸುವ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಶಾಲೆಗೆ ಕರೆಯುವ ವ್ಯವಸ್ಥೆ ಇಲ್ಲ. ನನಗೆ ಇದು ದೊಡ್ಡ ಕೊರತೆ ಅನ್ನಿಸುತ್ತದೆ.

ಪ್ರತಿಭಾ ಕಾರಂಜಿ ಬಗ್ಗೆ ಒಂದು ಮಾತು. ಕ್ಲಸ್ಟರ್‌ನಿಂದ ರಾಜ್ಯದವರೆಗೆ ನಡೆಯುವ ಈ ಸ್ಪರ್ಧೆಯಿಂದ ಎಷ್ಟೋ ಮಕ್ಕಳು ಮೊದಲ ಸಲ ಮೈಕ್ ಹಿಡಿದಿದ್ದಾರೆ. ಒಳ್ಳೆಯದು. ಆದರೆ ಹಿಂದಿನ ವಾರ ಮೊಬೈಲ್ ನೋಡಿ ಒಂದು ಕುಣಿತ ಕಲಿಸಿ, ಬಾಡಿಗೆ ಬಟ್ಟೆ ಹಾಕಿಸಿ ಕರೆದೊಯ್ದರೆ ಅದು ಕಲೆಯ ಪಾಠ ಅಲ್ಲ. ಶಾಲೆಗೆ ಹೋದಾಗ ಬಹುಮಾನದ ಕಪಾಟು ನೋಡಬೇಡಿ ಅಮ್ಮ. ವರ್ಷ ಪೂರ್ತಿ ಯಾವ ದಿನ, ಎಷ್ಟು ಹೊತ್ತಿಗೆ ತರಗತಿ ನಡೆಯುತ್ತದೆ ಅಂತ ಕೇಳಿ.

ಇಬ್ಬರು ಮಕ್ಕಳ ಅಪ್ಪ

ಎಲ್ಲ ಓದಿದೆ. ಹತ್ತಿ ಹಿಡಿದುಕೊಂಡ ಆ ಹುಡುಗಿಯ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನನ್ನ ಮಗ ಗಣಿತದಲ್ಲಿ ಹಿಂದೆ ಬಿದ್ದದ್ದು ವಾಲಿಬಾಲ್‌ನಿಂದಲೇನಾ ಅಂತ ಈಗ ಯೋಚಿಸುತ್ತಿದ್ದೇನೆ. ಅವನು ಒಂಬತ್ತರಲ್ಲೇ ಕಷ್ಟಪಡುತ್ತಿದ್ದ, ನಾನು ಕೇಳಿರಲಿಲ್ಲ. ಚಿಕ್ಕವನು ಫುಟ್‌ಬಾಲ್ ಅನ್ನುತ್ತಿದ್ದಾನೆ. ಬೇಡ ಅನ್ನುವುದಿಲ್ಲ. ಆದರೆ ಗಣಿತದ ಟೀಚರ್ ಒಳ್ಳೆಯವರಿದ್ದಾರಾ ಅಂತ ಮಾತ್ರ ಕೇಳಿಯೇ ಕೇಳುತ್ತೇನೆ.

ಕಲಬುರಗಿ ಗಣಿತ ಟೀಚರ್

ಅದನ್ನು ಎಲ್ಲರೂ ಕೇಳಲೇಬೇಕು ಸರ್. ಹುದ್ದೆ ಖಾಲಿ ಇದೆಯಾ, ಅತಿಥಿ ಶಿಕ್ಷಕರು ಇದ್ದಾರಾ, ಅವರು ಜೂನ್‌ನಲ್ಲೇ ಬರುತ್ತಾರಾ ಅಥವಾ ತಡವಾಗಿಯಾ ಅಂತ ಕೇಳಿ. ಆಟ ಇದ್ದು ಗಣಿತ, ವಿಜ್ಞಾನಕ್ಕೆ ಮೇಷ್ಟ್ರಿಲ್ಲದ ಶಾಲೆಗೆ ಸೇರಿಸಿ ಅಂತ ನಾನೂ ಹೇಳೋದಿಲ್ಲ.

ಬ್ರಹ್ಮಾವರದ ಅಮ್ಮ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಷ್ಟು ಜನ ಸಮಯ ಕೊಟ್ಟು ಬರೆಯುತ್ತೀರಿ ಅಂತ ಎಣಿಸಿರಲಿಲ್ಲ. ನಿಮ್ಮೆಲ್ಲರ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮೊನ್ನೆ ಶನಿವಾರ ಶಾಲೆಗೆ ಹೋಗಿದ್ದೆ. ಯಜಮಾನರೂ ಬಂದಿದ್ದರು.

ಹೆಡ್ ಮೇಡಂ ಕೂರಿಸಿ ಮಾತಾಡಿದರು. ಗಣಿತಕ್ಕೆ, ವಿಜ್ಞಾನಕ್ಕೆ ಖಾಯಂ ಟೀಚರ್ ಇದ್ದಾರೆ. ಹಿಂದಿ ಖಾಲಿ, ಅತಿಥಿ ಶಿಕ್ಷಕರು ನೋಡಿಕೊಳ್ಳುತ್ತಾರೆ. ಇದನ್ನು ಮುಚ್ಚಿಡದೆ ಹೇಳಿದ್ದು ನನಗೆ ಇಷ್ಟವಾಯಿತು. ಎಂಟನೇ ಕ್ಲಾಸಿನಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗವೂ ಇದೆಯಂತೆ, ಯಜಮಾನರ ಅರ್ಧ ಚಿಂತೆ ಅಲ್ಲೇ ಹೋಯಿತು. ಲ್ಯಾಬ್ ನೋಡಿದೆವು. ಸಾಮಾನು ಹಳೆಯದು, ಆದರೆ ಕಪಾಟಿಗೆ ಬೀಗ ಇಲ್ಲ, ಮಕ್ಕಳು ಮುಟ್ಟುತ್ತಾರೆ ಅಂತ ಗೊತ್ತಾಗುತ್ತದೆ. ಹುಡುಗಿಯರ ಶೌಚಾಲಯದ ಎರಡು ಬಾಗಿಲಿನ ಚಿಲಕ ಮುರಿದಿದೆ. ಹೇಳಿದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಬನ್ನಿ, ಪಾಲಕರು ಬಂದು ಹೇಳಿದರೆ ಬೇಗ ಆಗುತ್ತದೆ ಅಂದರು. ಬರುತ್ತೇನೆ ಅಂದಿದ್ದೇನೆ.

ಮೇಷ್ಟ್ರೇ, ನಿಮ್ಮ ಪ್ರಶ್ನೆ ಕೇಳಿದೆ. ಹತ್ತನೇ ಕ್ಲಾಸಿನವರಿಗೆ ಆಟ ಇದೆಯಾ ಅಂತ. ಮೇಡಂ ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಕಿಟಕಿ ಕಡೆ ಕೈ ತೋರಿಸಿದರು. ಶನಿವಾರ ಬೆಳಗಿನ ಶಾಲೆ ಬಿಟ್ಟಿತ್ತು. ಏಳೆಂಟು ಹುಡುಗಿಯರು ಮೈದಾನದಲ್ಲಿ ಚೆಂಡು ಎಸೆಯುತ್ತಿದ್ದರು, ಗೋಡೆ ಬದಿಗೆ ಅವರ ಬ್ಯಾಗುಗಳು, ಒಂದು ಬ್ಯಾಗಿನ ಮೇಲೆ ತೆರೆದಿಟ್ಟ ವಿಜ್ಞಾನದ ಪುಸ್ತಕ. "ಹತ್ತನೆಯವರು. ಪರೀಕ್ಷೆಗೆ ಇನ್ನು ಕೆಲವೇ ದಿನ. ಅರ್ಧ ಗಂಟೆ ಆಡಿ, ಊಟ ಮಾಡಿ, ಗುಂಪು ಓದಿಗೆ ಕೂರುತ್ತಾರೆ. ನಾನು ಮೊದಲು ನಿಲ್ಲಿಸಿದ್ದೆ. ನಿಲ್ಲಿಸಿದ ವರ್ಷ ಗುಂಪು ಓದಿಗೆ ಅರ್ಧ ಮಕ್ಕಳೂ ಬರುತ್ತಿರಲಿಲ್ಲ" ಅಂದರು. ಯಜಮಾನರು ಕಿಟಕಿ ಹತ್ತಿರ ನಿಂತು ನೋಡಿದರು. ಬರುವಾಗ ದಾರಿಯಲ್ಲಿ ಅವರೇ ಟಿ.ಸಿ. ಯಾವಾಗ ತೆಗೆಯಬೇಕು ಅಂತ ಕೇಳಿದರು.

ಯಕ್ಷಗಾನ ತರಗತಿ ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕು, ಜುಲೈಯಿಂದ. ಅತ್ತೆಯವರು ಇನ್ನೂ ಒಪ್ಪಿಲ್ಲ. ಆದರೆ ನಿನ್ನೆ ಸಂಜೆ ಮೊಮ್ಮಗಳಿಗೆ ಮುಂಡಾಸು ಸರಿಯಾಗಿ ಕಟ್ಟುವುದು ಹೇಗೆ ಅಂತ ಅವರೇ ತೋರಿಸುತ್ತಿದ್ದರು. ಅವರ ತಂದೆ ಮೇಳದಲ್ಲಿ ಇದ್ದವರು. ನನಗೆ ಈವರೆಗೆ ಹೇಳಿರಲೇ ಇಲ್ಲ.

ಇವತ್ತು ಶೂ ಅಂಗಡಿಗೆ ಹೋಗಿದ್ದೆವು. ಬೆಳೆಯುವ ಮಗು, ಒಂದು ನಂಬರ್ ದೊಡ್ಡದು ತೆಗೆದುಕೊಳ್ಳಿ ಅಂದರು. ಬೇಡ, ಕಾಲಿಗೆ ಸರಿಯಾದದ್ದೇ ಕೊಡಿ ಅಂದೆ.

ವಿಷಲ್ ಮೇಷ್ಟ್ರು

ತುಂಬ ಸಂತೋಷ ಅಕ್ಕಾ. ಒಂದು ಮಾತು, ಬಿಲ್ ಇದ್ದರೆ ಆ ಶೂ ಈಗ ವಾಪಸ್ ಕೊಡಿ. ಜೂನ್, ಜುಲೈ ಪೂರ್ತಿ ನಮ್ಮ ಕಡೆಯ ಮೈದಾನ ಕೆಸರು, ಮಕ್ಕಳು ಬರಿಗಾಲಲ್ಲೇ ಆಡುವುದು. ಆಗಸ್ಟ್‌ನಲ್ಲಿ ವಲಯ ಮಟ್ಟದ ಆಟ ಬರುವ ಹೊತ್ತಿಗೆ ತೆಗೆದರೆ ಸಾಕು.